‘ಅಂಚೆಮನೆ’ ನಾಟಕದ ಕುರಿತು ಹೆತ್ತವರಿಗೆ

ಮಾನ್ಯ ರಕ್ಷಕರೇ,

ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳು ಠಾಗೋರರ ‘ಅಂಚೆಮನೆ’ ಆಡುವುದು ನಿಮಗೆ ಗೊತ್ತೇ ಇದೆ. ಹಾಸಿಗೆ ಹಿಡಿದ ಹುಡುಗ ಅಮಲನ ಕಥೆ ಮಕ್ಕಳಿಗೇಕೆ, ಕೊನೆಗೆ ಅವನು ಗುಣವಾಗಿ ಎದ್ದು ಓಡುವ ಹಾಗೆ ಮಾಡಬಾರದೇ ಎಂದು ಪಿಟಿಎ ಸಭೆಯಲ್ಲಿ ಕೆಲವರು ಕೇಳಿದಿರಿ. ಕೊಲ್ಲಿ ನಾಡಿನ ಯುದ್ಧದ ಸುದ್ದಿ ಕೇಳಿ ಮೊದಲೇ ಕಂಗಾಲಾಗಿರುವ ಮನೆಗಳಿಗೆ ಇದೂ ಬೇಕೇ ಎಂಬ ಮಾತೂ ಬಂತು. ಆದರೂ ಕೊನೆಯನ್ನು ಬದಲಿಸುವುದಿಲ್ಲ.

ಈ ನಾಟಕವನ್ನು 1942ರ ಜುಲೈ 18ರಂದು ಪೋಲೆಂಡಿನ ವಾರ್ಸಾದ ಘೆಟ್ಟೊದೊಳಗೆ ಅನಾಥಾಲಯದ ಮಕ್ಕಳು ಆಡಿದ್ದರು. ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ನಾಜಿಗಳು ಗೋಡೆಯೊಳಗೆ ಕೂಡಿಹಾಕಿದ್ದ ಜಾಗ ಅದು. ಹಸಿವು, ಟೈಫಸ್, ಬೀದಿಯಲ್ಲೇ ಹೆಣ. ಅನಾಥಾಲಯ ನಡೆಸುತ್ತಿದ್ದವರು ಯಾನುಷ್ ಕೊರ್ಚಾಕ್ ಎಂಬ ಮಕ್ಕಳ ವೈದ್ಯ, ಲೇಖಕ. ಮಕ್ಕಳಿಗೆ ಅವರು ಇನ್ನೇನು ಕೊಡಬಲ್ಲವರಾಗಿದ್ದರು? ಕಿಟಕಿಯಾಚೆ ಹೋಗುವ ಮೊಸರಿನವನನ್ನು ಕರೆದು ಮಾತಾಡಿಸುವ, ತಾನೂ ಮೊಸರು ಮಾರಬೇಕೆಂದು ಆ ಕೂಗನ್ನೇ ಕಲಿಯಹೊರಡುವ ಅಮಲನನ್ನು ಕೊಟ್ಟರು. ಮೂರು ವಾರ ಕಳೆಯುವ ಮುನ್ನ ಸುಮಾರು ಇನ್ನೂರು ಮಕ್ಕಳನ್ನು ನಾಜಿಗಳು ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಸಾಗಿಸಿದರು. ತಾನೊಬ್ಬ ಉಳಿದುಕೊಳ್ಳುವ ಅವಕಾಶವಿದ್ದರೂ ಕೊರ್ಚಾಕ್ ಮಕ್ಕಳ ಜೊತೆಗೇ ಹೋದರು.

ನಾಟಕದಲ್ಲಿ ಎಲ್ಲಿಯೂ ಅಮಲ್ ಸತ್ತ ಎಂಬ ಮಾತಿಲ್ಲ. ರಾಜವೈದ್ಯ ಬಂದು ಬಾಗಿಲು ಕಿಟಕಿ ತೆರೆಸುತ್ತಾನೆ, ಹುಡುಗನಿಗೆ ನಿದ್ದೆ ಬರುತ್ತದೆ, ಅಷ್ಟೇ. ಎರಡನೇ ತರಗತಿಯವರಿಗೆ ಅದು ನಿದ್ದೆಯೇ. ಏಳನೆಯವರು ಬೇರೆ ಅರ್ಥ ಹಿಡಿದಾರು. ಸುಳ್ಳು ಹೇಳದೆ ಇಬ್ಬರನ್ನೂ ಕಾಯುವ ಕೊನೆ ಇದು. ಅಮಲನನ್ನು ಎಬ್ಬಿಸಿ ಓಡಿಸಿದರೆ ಕೆಟ್ಟೀತು.

2025ರ ಜೂನ್‌ನಲ್ಲಿ ಕತಾರಿನ ಅಮೆರಿಕನ್ ನೆಲೆಯತ್ತ ಇರಾನ್ ಕ್ಷಿಪಣಿ ಹಾರಿಸಿದ ರಾತ್ರಿ ನಮ್ಮ ಮೂರನೇ ತರಗತಿಯ ಮಗುವೊಂದು ದೋಹಾದಲ್ಲಿದ್ದ ಅಪ್ಪನೊಡನೆ ವಿಡಿಯೋ ಕಾಲ್‌ನಲ್ಲಿತ್ತು. ಢಂ ಎಂದು ಕೇಳಿಸಿದಾಗ ಅಮ್ಮ, “ಅಲ್ಲಿ ಜಾತ್ರೆ, ಸುಡುಮದ್ದು ಬಿಡ್ತಾ ಇದ್ದಾರೆ” ಎಂದರಂತೆ. ಅಪ್ಪನೂ ಎಷ್ಟು ಗರ್ನಾಲು ಎಂದು ಎಣಿಸಲು ಕೂತರಂತೆ! ಆ ಹೊತ್ತಿಗೆ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮರುದಿನ ಬಸ್ಸಿನಲ್ಲಿ ದೊಡ್ಡ ಹುಡುಗನೊಬ್ಬ ಮೊಬೈಲಿನಲ್ಲಿ ಕಂಡದ್ದನ್ನು ಒದರಿದ. ಮಗು ಮನೆಗೆ ಹೋಗಿ ನೇರವಾಗಿ ಕೇಳಿತು. ಅಮ್ಮ ನೇರವಾಗಿಯೇ ಹೇಳಿದರು, ಕೂಡಲೇ ಅಪ್ಪನಿಗೆ ಫೋನ್ ಹಚ್ಚಿ ಕೈಗೆ ಕೊಟ್ಟರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಿಕೊಡಲು ಬಾರದು. ಕೇಳುವವರೆಗೆ ಆಟ ಇರಲಿ, ಕೇಳಿದ ಮೇಲೆ ಗರ್ನಾಲಿನ ಕಥೆ ಬೇಡ.

ಯುದ್ಧದ ರೀಲ್ಸ್ ಮಾತ್ರ ಮಕ್ಕಳ ಕೈಗೆ ಸಿಗದಿರಲಿ. ಅಜ್ಜ-ಅಜ್ಜಿಯರಿಗೂ ಹೇಳಿ, ಫಾರ್ವರ್ಡ್ ಹೆಚ್ಚು ಬರುವುದು ಅವರ ಫೋನಿಗೇ.

ಅಭ್ಯಾಸ ಜೋರಾಗಿ ನಡೆದಿದೆ. ಮೊಸರಿನವನ ಊರನ್ನು ಪೊಸಡಿ ಗುಂಪೆ ಗುಡ್ಡದ ಬುಡಕ್ಕೆ ತಂದಿದ್ದೇವೆ. ಆ ಪಾತ್ರದ ಹುಡುಗ ಯಕ್ಷಗಾನದ ಹಾಸ್ಯಗಾರನ ನಡಿಗೆಯಲ್ಲಿ ಬಂದು “ಮೊಸರೋ...” ಎಂದರೆ ಹಾಸಿಗೆಯಲ್ಲಿರುವ ಅಮಲನಿಗೇ ನಗು ತಡೆಯುವುದಿಲ್ಲ, ಮಾತು ಮರೆಯುತ್ತಾನೆ. ನಾನು ಗದರಿಸುವುದಿಲ್ಲ.

ಮನೆಯಲ್ಲಿ ಹಳೆಯ ಮಣ್ಣಿನ ಗಡಿಗೆ, ಎರಡು ಮುಂಡಾಸಿಗೆ ಆಗುವಷ್ಟು ಬಟ್ಟೆ ಇದ್ದರೆ ಶುಕ್ರವಾರದೊಳಗೆ ಕಳುಹಿಸಿ. ಗಡಿಗೆ ಒಡೆದರೆ ಬೇಸರಿಸಬೇಡಿ.

ಇತಿ,
ಮುಖ್ಯೋಪಾಧ್ಯಾಯಿನಿ