ದೇವಯಾನಿಯಲ್ಲಿ ಗೆಲಾಕ್ಸಿ ಇದೆ ಅಂದರೆ ಏನು?

ಬೆಂಗಳೂರು

ಪ್ರೀತಿಯ ಪುಟ್ಟಿ,

ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಗೆಲಾಕ್ಸಿ ಇದೆಯಂತೆ, ಹಾಗಾದರೆ ಗೆಲಾಕ್ಸಿಗಿಂತ ನಕ್ಷತ್ರಪುಂಜ ದೊಡ್ಡದಾ ಎಂದು ಕೇಳಿದ್ದೀಯಲ್ಲ, ಒಳ್ಳೆಯ ಪ್ರಶ್ನೆ. ನಕ್ಷತ್ರಪುಂಜ ಒಂದು ವಸ್ತುವೇ ಅಲ್ಲ ಕಣೇ, ಅದು ನಾವು ನೋಡುವ ದಿಕ್ಕು. ನಮ್ಮ ಜಯನಗರದ ಮಹಡಿಯಿಂದ ನೋಡಿದರೆ ಎದುರುಮನೆಯ ತೆಂಗಿನ ಗರಿಗಳ ಸಂದಿಯಲ್ಲಿ ವಿಮಾನದ ದೀಪ ಕಾಣುತ್ತದೆ, ವಿಮಾನ ಮರದಲ್ಲಿರುವುದಿಲ್ಲ.

ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನನ್ನೇ (ಓರಿಯನ್) ತಗೋ. ಅವನ ಒಂದು ಭುಜ ಬೆಲಾಟ್ರಿಕ್ಸ್ ನಕ್ಷತ್ರ, ಸುಮಾರು 250 ಬೆಳಕಿನ ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಬೆಳಕಿನ ವರ್ಷ). ಪಾದದ ರೈಜೆಲ್ 860ರ ಆಸುಪಾಸು. ಇವೆರಡರ ನಡುವೆ ಆಳದಲ್ಲಿ ಆರುನೂರು ಬೆಳಕಿನ ವರ್ಷ ಅಂತರವಿದ್ದರೂ ನಮ್ಮ ಕಣ್ಣಿಗೆ ಒಂದೇ ಹಾಳೆಯ ಮೇಲೆ ಇಟ್ಟ ಚುಕ್ಕಿಗಳು. ಹಾಗಂತ ಎಲ್ಲ ಗುಂಪೂ ಬರೀ ನೋಟದ್ದಲ್ಲ. ಕೃತ್ತಿಕೆಯ ನಕ್ಷತ್ರಗಳು ನಿಜವಾಗಿಯೂ ಒಟ್ಟಿಗೆ ಹುಟ್ಟಿದವು, ಸುಮಾರು 440 ಬೆಳಕಿನ ವರ್ಷ ದೂರದಲ್ಲಿವೆ. ಪಕ್ಕದ ರೋಹಿಣಿಯ ಕಥೆ ಬೇರೆ: ಅದರ ಸುತ್ತ ಕಾಣುವ ಗುಂಪು ಸುಮಾರು 150 ಬೆಳಕಿನ ವರ್ಷ ದೂರ, ರೋಹಿಣಿ ಮಾತ್ರ 65. ಮುಂದೆ ನಿಂತಿದೆ ಅಷ್ಟೇ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88 ನಕ್ಷತ್ರಪುಂಜಗಳ ಪಟ್ಟಿಯನ್ನು ಒಪ್ಪಿತು. 1930ರಲ್ಲಿ ಅವುಗಳ ಗಡಿಗೆರೆಗಳೂ ಪ್ರಕಟವಾದವು. ಹಾಗಾಗಿ ಆಕಾಶದ ಯಾವ ಚುಕ್ಕಿಯೇ ಆದರೂ, ಎಷ್ಟೇ ದೂರದ್ದಾದರೂ, ಯಾವುದೋ ಒಂದರ ಗಡಿಯೊಳಗೆ ಬೀಳಲೇಬೇಕು.

ಗೆಲಾಕ್ಸಿ ಹಾಗಲ್ಲ, ಅದು ಗುರುತ್ವಾಕರ್ಷಣೆ ಕಟ್ಟಿ ಹಿಡಿದಿರುವ ನಿಜವಾದ ಕೂಟ. ನಮ್ಮ ಕ್ಷೀರಪಥದಲ್ಲೇ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವ ನಕ್ಷತ್ರಗಳೆಲ್ಲ ಇದರವೇ, ಅದರಲ್ಲೂ ನಮ್ಮ ನೆರೆಹೊರೆಯವು. ದೇವಯಾನಿಯ ಆಲ್ಫೆರಾಟ್ಸ್ 97 ಬೆಳಕಿನ ವರ್ಷ ದೂರ, ಮಿರಾಕ್ ಸುಮಾರು 200. ಅದೇ ದಿಕ್ಕಿನ ಆ ಗೆಲಾಕ್ಸಿ 25 ಲಕ್ಷ!

ಅದನ್ನು ಹುಡುಕಲು ಡಿಸೆಂಬರ್ ಮೊದಲರ್ಧದಲ್ಲಿ ಚಂದ್ರನಿಲ್ಲದ ಒಂದು ರಾತ್ರಿ, ಎಂಟರ ಸುಮಾರಿಗೆ ಉತ್ತರಕ್ಕೆ ತಲೆಯೆತ್ತು. ಪಕ್ಕದ ನಕ್ಷತ್ರಪುಂಜ ಪೆಗಾಸಸ್‌ನ ನಾಲ್ಕು ನಕ್ಷತ್ರಗಳ ದೊಡ್ಡ ಚೌಕದ ಈಶಾನ್ಯ ಮೂಲೆಯೇ ಆಲ್ಫೆರಾಟ್ಸ್. ಅಲ್ಲಿಂದ ಸಾಲು ಹಿಡಿದು ಮಿರಾಕ್‌ಗೆ ಬಾ. ಅಲ್ಲಿ ಕೆಸಿಯೋಪಿಯಾ ನಕ್ಷತ್ರಪುಂಜದ ಕಡೆಗೆ ತಿರುಗಿ ಎರಡು ಮಂದ ನಕ್ಷತ್ರ ದಾಟು; ಎರಡನೆಯದರ ಪಕ್ಕದಲ್ಲೇ ಗೆಲಾಕ್ಸಿ. ನಗರದ ಬೆಳಕಿನಲ್ಲಿ ಬರಿಗಣ್ಣಿಗೆ ಸಿಗದು; 7×50 (ಏಳು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಬೇಕು, ಕನಕಪುರದಾಚೆಗೆ ಹೋದರೆ ಇನ್ನೂ ಒಳ್ಳೆಯದು.

ಆಕಾಶದ ನಕ್ಷೆಯನ್ನು ಮೇಜಿನ ಮೇಲಿಟ್ಟು ನೋಡಬೇಡ, ಪೂರ್ವ ಪಶ್ಚಿಮ ಅದಲುಬದಲಾಗಿ ಕಾಣುತ್ತದೆ. ತಲೆಯ ಮೇಲೆ ಎತ್ತಿ ಹಿಡಿ. ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡ, ಒಂದು ಸಲ ಪರದೆ ನೋಡಿದರೂ ಕಣ್ಣು ಮತ್ತೆ ಮೊದಲಿನಿಂದ ಕತ್ತಲಿಗೆ ಹೊಂದಿಕೊಳ್ಳಬೇಕು. ಫೋಟೋದಲ್ಲಿರುವ ಸುರುಳಿಯನ್ನು ಹುಡುಕುತ್ತಾ ಕೂತರೆ ಕಣ್ಣೆದುರಿಗಿದ್ದರೂ ಗೊತ್ತಾಗದು: ಕಾಣುವುದು ಉದ್ದನೆಯ ಬೂದು ಮಸುಕು, ಅಷ್ಟೇ. ಅದನ್ನು ದಿಟ್ಟಿಸಬೇಡ, ನೋಟ ಸ್ವಲ್ಪ ಪಕ್ಕಕ್ಕಿರಲಿ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ. ಕೈ ನಡುಗಿದರೆ ಚಾಪೆ ಹಾಸಿ ಮಲಗಿಕೊಂಡೇ ನೋಡು.

ನಿನ್ನ
ಅಮ್ಮ