ಬೆಲ್ಲ ನೆಕ್ಕುವುದು ಕರಡಿಯ ಊಟವಲ್ಲ

ಮಾನ್ಯರೇ,

ಹಂಪಿ ನೋಡಲು ಬಂದವರು ಸಂಜೆ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರ ಹತ್ತುವುದು ಈಗ ವಾಡಿಕೆಯಾಗಿದೆ. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಬಂದು ನೆಕ್ಕುತ್ತವೆ. ‘ಕರಡಿ ಉಣ್ಣೋದನ್ನ ನೋಡಿದ್ವಿ’ ಎಂದುಕೊಂಡು ಜನ ಹೊರಡುತ್ತಾರೆ. ಅವರು ಕಂಡದ್ದು ನಾವಿಟ್ಟ ಆಮಿಷವನ್ನಷ್ಟೇ.

ಈ ಪ್ರಾಣಿಯ ಮೂತಿ ಇರುವುದೇ ಗೆದ್ದಲು ಹೀರುವುದಕ್ಕೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲ. ಆ ಸಂದಿಯೇ ಕೊಳವೆ. ಬೆರಳುದ್ದದ ಉಗುರುಗಳಿಂದ ಹುತ್ತ ಕೆದರಿ, ಮೂತಿ ತೂರಿಸಿ, ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ. ಮರುಕ್ಷಣ ತುಟಿ ಮುಂದೆ ಚಾಚಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಸೊರ್ರನೆ ಎಳೆದುಕೊಳ್ಳುತ್ತದೆ. ಊದುವುದು, ಹೀರುವುದು, ಮತ್ತೆ ಕೆದರುವುದು. ಗಾಳಿ ನಿಂತಿದ್ದರೆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ, ಗೋಪುರದ ಮೇಲೆ ಹರಟೆ ನಿಂತರೆ.

ಉಳಿದದ್ದನ್ನು ಲದ್ದಿ ಹೇಳುತ್ತದೆ. ಗೆದ್ದಲು ತಿಂದಿದ್ದರೆ ಅದರಲ್ಲಿ ಮಣ್ಣು, ಹುಳುಗಳ ಗಟ್ಟಿ ತಲೆಚಿಪ್ಪು ಸಿಗುತ್ತವೆ. ಹಣ್ಣಿನ ಕಾಲದಲ್ಲಿ ಬರೀ ಬೀಜದ ಗುಡ್ಡೆ: ಚಳಿಗಾಲಕ್ಕೆ ಬಾರೆ, ಬೇಸಿಗೆಯಿಂದ ಮುಂಗಾರಿನವರೆಗೆ ಕಕ್ಕೆ, ಕವಳೆ, ನೇರಳೆ. ಎಷ್ಟೋ ಬೀಜ ಹಾಗೇ ಮೊಳೆಯುತ್ತವೆ, ಕುರುಚಲು ಕಾಡಿಗೆ ಪುಕ್ಕಟೆ ಬಿತ್ತನೆ. ಒಣಗಿದ ಲದ್ದಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಬೀಜಗಳನ್ನು ಹೆಸರು ಬರೆದು ಜೋಡಿಸಿ ಗೇಟಿನ ಬಳಿ ಇಡಲು ಹೆಚ್ಚು ಖರ್ಚೇನೂ ಆಗದು. ಮಕ್ಕಳಂತೂ ಬೆಲ್ಲ ಮರೆತು ಅದರ ಮುಂದೆ ನಿಲ್ಲುತ್ತಾರೆ.

1994ರಲ್ಲಿ ಧಾಮವಾದಾಗಿನ ಅಗತ್ಯ ಏನೇ ಇರಲಿ, ಹಣ್ಣು ಹೇರಳವಾಗಿರುವ ತಿಂಗಳುಗಳಲ್ಲಾದರೂ ಪಾಕ ಬಳಿಯುವುದನ್ನು ನಿಲ್ಲಿಸಬಾರದೇ? ಒಂದೇ ಬಂಡೆಗೆ ಎಲ್ಲ ಕರಡಿಗಳನ್ನು ಕರೆದರೆ ಬಲವಾದ ಗಂಡು ಜಾಗ ಹಿಡಿಯುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ದೂರವೇ ಉಳಿಯುತ್ತದೆ. ಬಳಿಯಲೇಬೇಕೆಂದಿದ್ದರೆ ತೆಳುವಾಗಿ, ದೂರದೂರದ ಬಂಡೆಗಳಿಗೆ, ದಿನವೂ ಜಾಗ ಬದಲಿಸಿ ಬಳಿಯಲಿ. ಕರಡಿ ಕಾಣದ ಸಂಜೆಯೂ ಇರುತ್ತದೆಂದು ಟಿಕೆಟ್ ಕೊಡುವಾಗಲೇ ಹೇಳಿಬಿಡಲಿ. ಎಂಟು ಪಟ್ಟು ಹಿಗ್ಗಿಸುವ ಒಂದೆರಡು ಬೈನಾಕ್ಯುಲರ್ ಗೋಪುರದಲ್ಲಿದ್ದರೆ ಸಾಕು.

ಸುತ್ತಲಿನ ಊರುಗಳ ಕುರಿಗಾಹಿಗಳಿಗೂ ಒಂದು ಫಲಕ ಬೇಕು. ಹುತ್ತದಲ್ಲಿ ಮೂತಿಯಿಟ್ಟ ಕರಡಿಗೆ ತನ್ನದೇ ಸದ್ದಿನಲ್ಲಿ ನಮ್ಮ ಹೆಜ್ಜೆ ಕೇಳಿಸದು. ತೀರಾ ಹತ್ತಿರ ಬಂದಮೇಲೆ ಬೆಚ್ಚಿ ಮೈಮೇಲೆ ಬೀಳುತ್ತದೆ. ಹೊಸದಾಗಿ ಕೆದರಿದ ಹುತ್ತ, ಅದರ ಬಳಿ ಮನುಷ್ಯನ ಬರಿಗಾಲಿನಂಥ ಹಿಂಗಾಲ ಗುರುತು ಕಂಡರೆ ಅಲ್ಲಿಂದಲೇ ಹಿಂದಿರುಗಬೇಕು. ಗೋಪುರದ ಮೇಲೆ ಸುಮ್ಮನಿರಬೇಕು ನಿಜ, ಆದರೆ ಪೊದೆಗಳ ನಡುವೆ ನಡೆಯುವಾಗ ಗಟ್ಟಿಯಾಗಿ ಮಾತಾಡುತ್ತಲೇ ಸಾಗಬೇಕು.

— ಓದುಗರು, ಹೊಸಪೇಟೆ