ಕಕ್ಕಡದ ಮಳೆಯಲ್ಲಿ ಕೂಸಿಗೆ ಎಣ್ಣೆ: ಭಾಗಮಂಡಲದ ಗೆಳೆಯನಿಗೆ

ಗೆಳೆಯಾ,

ಕೂಸಿಗೆ ಎಣ್ಣೆ ಹಚ್ಚುವ ಕೆಲಸ ಇನ್ನು ನಿನ್ನದೇ ಎಂದು ಬರೆದಿದ್ದೀಯ. ಸಂತೋಷ. ನಿಮ್ಮ ಕೊಡಗಿನ ಕಡೆಯ ಕಕ್ಕಡ ತಿಂಗಳ ಜೋರು ಮಳೆಗೆ ಬೆತ್ತಲೆ ಕೂಸು ಬೇಗ ತಣ್ಣಗಾಗುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತು ಆರಿಸಿಕೊ, ಕಿಟಕಿ ಮುಚ್ಚು, ನೀವುವ ಭಾಗವನ್ನಷ್ಟೇ ತೆರೆದು ಉಳಿದ ಮೈಗೆ ಬಟ್ಟೆ ಹೊದಿಸಿರು. ಕೋಣೆ ಬೆಚ್ಚಗಾಗಲಿ ಎಂದು ಮುಚ್ಚಿದ ಬಾಗಿಲೊಳಗೆ ಕೆಂಡ ಮಾತ್ರ ಇಡಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಾಣಂತಿಗೂ ಕೂಸಿಗೂ ಜೀವಕ್ಕೇ ಅಪಾಯ. ಸಾಂಬ್ರಾಣಿ ಹೊಗೆಯೂ ಬೇಡ.

ತೆಂಗಿನೆಣ್ಣೆ ಒಂದೆರಡು ಚಮಚ ಸಾಕು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ನಿಮ್ಮಲ್ಲಿ ಬಾಟಲಿಯಿಂದ ಸುರಿಯುವುದೇ ಕಷ್ಟ. ಒಲೆಗಿಡದೆ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಾಕಿಕೊಂಡು ಬಿಸಿ ನೋಡು. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ.

ಹಾಲು ಕುಡಿದು ಮುಕ್ಕಾಲು ಗಂಟೆಯಾಗಿರಲಿ, ಇಲ್ಲದಿದ್ದರೆ ಕಕ್ಕುತ್ತದೆ. ಉಂಗುರ, ವಾಚು ತೆಗೆದಿಡು. ಶುರು ಕಾಲಿನಿಂದ: ಒಂದು ಕೈಯಲ್ಲಿ ಪಾದ ಹಿಡಿದು, ಇನ್ನೊಂದರಲ್ಲಿ ತೊಡೆಯಿಂದ ಕೆಳಕ್ಕೆ ಮೆಲ್ಲಗೆ ಜಾರಿಸು. ಚರ್ಮ ಬೆರಳಡಿಯಲ್ಲಿ ಸ್ವಲ್ಪ ಸರಿಯಬೇಕು, ಕೆಂಪಾಗಬಾರದು. ಅದೇ ಒತ್ತಡದ ಅಳತೆ.

ಹೊಟ್ಟೆಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತು. ಕೂಸಿನ ಬಲಬದಿಯ ಕೆಳಗಿನಿಂದ ಮೇಲೇರಿ, ಪಕ್ಕೆಲುಬಿನಡಿ ಹಾದು, ಎಡಬದಿಯಲ್ಲಿ ಇಳಿ. ದೊಡ್ಡ ಕರುಳು ಸಾಗುವ ದಾರಿಯೂ ಅದೇ, ಗಾಳಿ ಮುಂದೆ ಹೋಗುತ್ತದೆ. ಹೊಕ್ಕುಳ ಬಳ್ಳಿ ಉದುರಿ, ಗಾಯ ಒಣಗುವ ತನಕ ಹೊಟ್ಟೆಯ ತಂಟೆಗೆ ಹೋಗಬೇಡ. ಬೆನ್ನಿಗೆ ಮಡಿಲಲ್ಲಿ ಬೋರಲು ಮಲಗಿಸಿ, ಬೆನ್ನುಮೂಳೆಯನ್ನು ಬಿಟ್ಟು ಇಬ್ಬದಿ ನೀವು.

ಕೆಡುಕಾಗುವುದು ಹೆಚ್ಚಾಗಿ ಇದಕ್ಕೆ ಸೇರಿಸುವ ಶಾಸ್ತ್ರಗಳಿಂದ. ಹುಟ್ಟಿದ ಕೂಸಿನ ಎದೆ, ಗಂಡಾದರೂ ಹೆಣ್ಣಾದರೂ, ತಾಯಿಯ ಹಾರ್ಮೋನಿನಿಂದ ಉಬ್ಬಿ ಕೆಲವೊಮ್ಮೆ ಹಾಲೂ ಜಿನುಗುತ್ತದೆ. ತಾನೇ ಇಳಿಯುವ ಅದನ್ನು ಹಿಂಡಿದರೆ ಕೀವು ತುಂಬುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕಿವಿಗೂ ಬೇಡ. ನೆತ್ತಿಯ ಮೆತ್ತನೆ ಜಾಗದಲ್ಲಿ ಎಣ್ಣೆ ಸವರಿದರೆ ಸಾಕು, ಒತ್ತಿ ತಿಕ್ಕಬಾರದು. ಕಾಲು ಹಿಡಿದು ತಲೆಕೆಳಗೆ ತೂಗುವುದು, ಕೈಕಾಲು ಅಡ್ಡಡ್ಡ ಎಳೆಯುವುದು, ಮೂಗು ನೆಟ್ಟಗಾಗಲೆಂದು ಹಿಂಡುವುದು, ಯಾವುದೂ ಬೇಡ. ಅಜ್ಜಿಯರೊಡನೆ ವಾದಕ್ಕಿಳಿಯಬೇಡ, ಎಣ್ಣೆ ಬಟ್ಟಲು ನಿನ್ನ ಕೈಯಲ್ಲಿರಲಿ, ಅಷ್ಟೇ.

6, 10, 14ನೇ ವಾರದಲ್ಲಿ ತೊಡೆಗೆ ಚುಚ್ಚುಮದ್ದು ಕೊಟ್ಟಾಗ ಆ ಜಾಗ ತಿಕ್ಕಬೇಡ. ಎಡತೋಳಿನಲ್ಲಿ ಬಿಸಿಜಿ (ಕ್ಷಯದ ಲಸಿಕೆ) ಹಾಕಿದ ಕಡೆ ಏಳುವ ಗುಳ್ಳೆಗೆ ಎಣ್ಣೆ ಸೋಕಿಸಬೇಡ. ಜ್ವರವಿದ್ದರೆ ಬಿಟ್ಟುಬಿಡು. ತೂಕ ಕಡಿಮೆಯಿದ್ದರೆ ಮೊದಲು ಡಾಕ್ಟರನ್ನು ಕೇಳು.

ಒಟ್ಟು ಹತ್ತು ಹದಿನೈದು ನಿಮಿಷ. ನಡುವೆ ಮುಖ ತಿರುಗಿಸಿ ಅತ್ತರೆ ಅಲ್ಲಿಗೇ ನಿಲ್ಲಿಸು. ಮೀಯಿಸಲು ಎತ್ತುವಾಗ ಟವೆಲ್ ಸುತ್ತಿಯೇ ಎತ್ತು, ಎಣ್ಣೆ ಮೈ ಕೈಯಿಂದ ಜಾರುತ್ತದೆ. ಮಿಂದ ಮೇಲೆ ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿಯ ಜಿಡ್ಡು ಒರೆಸುವುದು ಮರೆಯಬೇಡ. ಮಳೆಗಾಲದ ತೇವಕ್ಕೆ ಅಲ್ಲೇ ಮೊದಲು ಕೆಂಪಾಗಿ ಹುಣ್ಣಾಗುವುದು.

ನಿನ್ನ ಗೆಳೆಯ